ನಮ್ಮ ಮನೆಯ ಟ್ಯೂನರ್ ಮತ್ತು ಸವಕಳಿಯ ಪಾಠ

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠವನ್ನು ನಾವೆಲ್ಲ ಓದಿದ್ದೇವೆ. ಆಸ್ತಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯಲು ಎರಡು ಮುಖ್ಯ ಕಾರಣಗಳಿವೆ. ಒಂದು, ಬಳಸಿ ಬಳಸಿ ಸವೆಯುವುದು. ಇನ್ನೊಂದು, ವಸ್ತು ಚೆನ್ನಾಗಿದ್ದರೂ ಕಾಲ ಬದಲಾಗಿ ಅದು ಬೇಡವಾಗುವುದು. ಇದನ್ನು ಅಪ್ರಚಲಿತತೆ ಎನ್ನುತ್ತಾರೆ. ಇವೆರಡರ ವ್ಯತ್ಯಾಸ ನನಗೆ ಸರಿಯಾಗಿ ತಿಳಿದದ್ದು ಪರೀಕ್ಷೆಗೆ ಓದುವಾಗ ಅಲ್ಲ, ಈ ರಜೆಯಲ್ಲಿ ಬೆಂಗಳೂರಿನಲ್ಲೇ ನಾವು ಮನೆ ಬದಲಾಯಿಸುವಾಗ.

ನಮ್ಮ ದಾದಾ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದರು. 1988ರಲ್ಲಿ ವಾಪಸ್ ಬರುವಾಗ ಒಂದು ರೇಡಿಯೋ ಟ್ಯೂನರ್, ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ತಂದರು. ಟ್ಯೂನರ್ ಎಂದರೆ ಬಾನುಲಿ ಕೇಂದ್ರವನ್ನು ಹಿಡಿದುಕೊಡುವ ಪೆಟ್ಟಿಗೆ ಮಾತ್ರ. ಸದ್ದು ಬರಬೇಕಾದರೆ ಉಳಿದವೆರಡೂ ಬೇಕು. ದಾದಾ ಈಗಿಲ್ಲ. ಹೊಸ ಮನೆ ಚಿಕ್ಕದು. ಟ್ಯೂನರಿನ ಡಯಲ್ ದಾರ ತುಂಡಾಗಿ ಅದು ಒಂದೇ ಕೇಂದ್ರದಲ್ಲಿ ನಿಂತುಬಿಟ್ಟಿತ್ತು. ಗುಜರಿಯವರು ಎಲ್ಲ ಸೇರಿ 300 ರೂಪಾಯಿ ಎಂದರು. ಅಬ್ಬಾ ನನ್ನನ್ನು ಕರೆದು, “ಕಾಮರ್ಸ್ ಓದೋದು ನೀನು. ಲೆಕ್ಕ ಹಾಕಿ ಹೇಳು” ಎಂದರು.

ನಾನು ಸ್ಥಿರ ಕಂತು ಪದ್ಧತಿಯಲ್ಲಿ ಲೆಕ್ಕ ಹಾಕಿದೆ:

ಖರೀದಿ ಬೆಲೆ (ಅಂದಾಜು): ರೂ. 6,000
ಆಯುಷ್ಯ: 10 ವರ್ಷ
ವಾರ್ಷಿಕ ಸವಕಳಿ: ರೂ. 600
1998ರಲ್ಲಿ ಪುಸ್ತಕ ಮೌಲ್ಯ: 0

ಸೊನ್ನೆಯಾದ ವಸ್ತುವಿಗೆ 300 ಬಂದರೆ ಅದು ಪೂರ್ತಿ ಲಾಭ. “ಕೊಟ್ಟುಬಿಡಿ ಅಬ್ಬಾ” ಎಂದೆ.

ದಾದಿ ವಾದ ಮಾಡಲಿಲ್ಲ. “ಹಾಗಾದರೆ ಬೆಳಗ್ಗೆ ನನ್ನ ಜೊತೆ ಯಾರು ಮಾತಾಡ್ತಾರೆ ಬೇಟಾ?” ಎಂದಷ್ಟೇ ಕೇಳಿದರು. ಅವರ ಕಣ್ಣು ಮಂದ. ಮೊಬೈಲಿನ ಪರದೆ ಅವರಿಗೆ ಆಗದು, ಆದರೆ ಟ್ಯೂನರಿನ ಗುಂಡಿಯನ್ನು ಕೈಯಲ್ಲೇ ಹುಡುಕಿ ತಿರುಗಿಸುತ್ತಾರೆ. ಮನೆಯಲ್ಲಿ ನಮ್ಮದು ಉರ್ದು. ದಾದಿಗೆ ಮೊದಲು ಅಂಗಡಿಯಲ್ಲಿ ಕೇಳುವಷ್ಟೇ ಕನ್ನಡ ಬರುತ್ತಿತ್ತಂತೆ. ಉಳಿದದ್ದನ್ನು ರೇಡಿಯೋ ಕೇಳಿ ಕಲಿತರು. ‘ಲ’ ಬೇರೆ, ‘ಳ’ ಬೇರೆ ಎಂದು ಶಾಲೆಗೆ ಸೇರುವ ಮೊದಲೇ ನನ್ನ ಬಾಯಲ್ಲಿ ಹೇಳಿಸಿದವರು ಅವರೇ.

ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ನೋಡಲು ಎಫ್.ಎಂ. ಬಗ್ಗೆ ಓದಿದೆ. ಮೀಡಿಯಂ ವೇವ್ ಪ್ರಸಾರದಲ್ಲಿ ಧ್ವನಿಗೆ ತಕ್ಕಂತೆ ತರಂಗದ ಎತ್ತರ ಬದಲಾಗುತ್ತದೆ. ಮಿಂಚು, ಮಿಕ್ಸಿ, ಮೋಟಾರುಗಳ ಗದ್ದಲವೂ ಆ ಎತ್ತರವನ್ನೇ ಕೆಡಿಸುವುದರಿಂದ ಗರಗರ ಕೇಳಿಸುತ್ತದೆ. ಎಫ್.ಎಂ.ನಲ್ಲಿ ಬದಲಾಗುವುದು ತರಂಗದ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು. ಎತ್ತರದ ಏರಿಳಿತವನ್ನು ರಿಸೀವರ್ ಕತ್ತರಿಸಿ ಹಾಕುವುದರಿಂದ ಧ್ವನಿ ಶುದ್ಧವಾಗಿ ಬರುತ್ತದೆ. ಆದರೆ ಈ ತರಂಗ ಬಹಳ ದೂರ ಹೋಗದು.

ಈ ವಿಧಾನಕ್ಕೆ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದರು. ಅಲ್ಲಿ ಮೊದಲು ಎಫ್.ಎಂ. ಇದ್ದದ್ದು 42ರಿಂದ 50 ಮೆಗಾಹರ್ಟ್ಸ್‌ನಲ್ಲಿ. 1945ರಲ್ಲಿ ಸರ್ಕಾರ ಅದನ್ನು 88 ಮೆಗಾಹರ್ಟ್ಸ್‌ಗಿಂತ ಮೇಲಕ್ಕೆ ಸ್ಥಳಾಂತರಿಸಿತು. ಜನರ ಮನೆಯಲ್ಲಿದ್ದ ಸೆಟ್‌ಗಳು ಕೆಟ್ಟಿರಲಿಲ್ಲ, ಹೊಸದಾಗಿಯೇ ಇದ್ದವು. ಆದರೂ ಅವು ಹಿಡಿಯಬೇಕಾದ ಕೇಂದ್ರಗಳೇ ಅಲ್ಲಿಂದ ಹೋಗಿಬಿಟ್ಟವು. ಅಪ್ರಚಲಿತತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ನಮ್ಮ ಟ್ಯೂನರಿನ ಕಥೆ ಇದಕ್ಕೆ ತದ್ವಿರುದ್ಧ. ಭಾರತದಲ್ಲಿ ಎಫ್.ಎಂ. 1977ರಲ್ಲಿ ಮದರಾಸಿನಲ್ಲಿ ಶುರುವಾಯಿತು. ದಾದಾ ಟ್ಯೂನರ್ ತಂದ ಹೊಸದರಲ್ಲಿ ನಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಮೀಡಿಯಂ ವೇವ್ ಮಾತ್ರ, ಎಫ್.ಎಂ.ಗೆ ತಿರುಗಿಸಿದರೆ ಬರೀ ‘ಶ್’ ಎಂಬ ಸದ್ದು ಬರುತ್ತಿತ್ತೆಂದು ದಾದಿ ಹೇಳುತ್ತಾರೆ. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ರೇಡಿಯೋ ಸಿಟಿ ನಮ್ಮ ಬೆಂಗಳೂರಿನಲ್ಲೇ ಆರಂಭವಾದದ್ದು 2001ರ ಜುಲೈ 3ರಂದು. ಅಂದರೆ ನನ್ನ ಲೆಕ್ಕದಲ್ಲಿ ಸೊನ್ನೆಯಾಗಿ ಮೂರು ವರ್ಷವಾದ ಮೇಲೆ ಈ ಪೆಟ್ಟಿಗೆಗೆ ಕೇಳಿಸಲು ಹೆಚ್ಚು ಸಿಕ್ಕಿತು! ಅದರ ಡಯಲ್ ಮೇಲೆ 88ರಿಂದ 108 ಎಂದಿದೆ. ಇಂದಿನ ಕೇಂದ್ರಗಳಿರುವುದೂ ಅಲ್ಲೇ. 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ ಬರುತ್ತವೆ. ಜಪಾನಿನ ಜನರಿಗಾಗಿ ತಯಾರಿಸಿದ ಹಳೆಯ ಸೆಟ್ ಆಗಿದ್ದರೆ ಅದು 76ರಿಂದ 90ರವರೆಗೆ ಮಾತ್ರ, ಇಲ್ಲಿ ಇವ್ಯಾವುವೂ ಸಿಗುತ್ತಿರಲಿಲ್ಲ.

ನಾನು ಅಬ್ಬಾಗೆ ನನ್ನ ಲೆಕ್ಕ ತಪ್ಪೆಂದು ಹೇಳಿದೆ. ಎಸ್.ಪಿ. ರಸ್ತೆಯ ಗಲ್ಲಿಯಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು 250 ರೂಪಾಯಿಗೆ ಹೊಸ ದಾರ ಹಾಕಿಕೊಟ್ಟರು. ಟ್ಯೂನರ್ ಈಗ ದಾದಿಯ ಮಂಚದ ಪಕ್ಕದಲ್ಲಿದೆ. ಜಾಗ ಸಾಲದೆ ನನ್ನ ಪುಸ್ತಕಗಳು ಮಂಚದ ಕೆಳಗೆ ಹೋಗಿವೆ.

ಇದು ಶಾಶ್ವತ ಎಂದು ನಾನು ಹೇಳುವುದಿಲ್ಲ. ನಾರ್ವೆ ದೇಶ 2017ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ಇಲ್ಲಿಯೂ ಹಾಗಾದರೆ ನಮ್ಮ ಟ್ಯೂನರ್ ಕೆಡದೆಯೇ ಮೂಕವಾಗುತ್ತದೆ.

ಆದ್ದರಿಂದ ಗೆಳೆಯರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸೆಟ್ ಇದ್ದರೆ ಗುಜರಿಗೆ ಹಾಕುವ ಮೊದಲು ಡಯಲ್ ನೋಡಿ. 88–108 ಎಂದಿದ್ದರೆ ಆಂಟೆನಾ ಜಾಗಕ್ಕೆ ಒಂದು ತುಂಡು ವೈರ್ ಸಿಕ್ಕಿಸಿ ತಿರುಗಿಸಿ ನೋಡಿ. ಆಮೇಲೆ, ಅದನ್ನು ಕೇಳುತ್ತಿದ್ದವರು ಮನೆಯಲ್ಲಿ ಯಾರೆಂದು ವಿಚಾರಿಸಿ. ಪುಸ್ತಕ ಮೌಲ್ಯವನ್ನು ಅದಾದ ಮೇಲೆ ಬರೆಯೋಣ.