ಮಾಜಾಳಿ ದಾಟಿದರೆ ಎರಡು ಸಹಿ

ಪರದೇಶದ ಕಾನೂನು ನೋಡಲು ಕಾರವಾರ, ಅಂಕೋಲೆಯವರು ವಿಮಾನ ಹತ್ತಬೇಕಿಲ್ಲ. ಮಾಜಾಳಿ ದಾಟಿ ಗೋವೆಯ ಪೋಳೆಂ ಸೇರಿದರೆ ಸಾಕು. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರ ನೆಲ. ಅವರು ಹೋದರೂ ಅವರ 1867ರ ಸಿವಿಲ್ ಸಂಹಿತೆ ಹೋಗಲಿಲ್ಲ. 1962ರಲ್ಲಿ ನಮ್ಮ ಸಂಸತ್ತೇ ಅಲ್ಲಿನ ಹಳೆಯ ಕಾನೂನುಗಳನ್ನು ಮುಂದುವರಿಸಿತು. ಈ ಗಡಿಯಾಚೆ ಈಚೆ ಹೆಣ್ಣು ಕೊಟ್ಟು ತರುವ ಮನೆಗಳು ಬಹಳ. ಆದರೂ ಈ ವಿಷಯ ಮೊದಲೇ ವಿಚಾರಿಸುವವರು ಕಡಿಮೆ.

ನನ್ನ ತಂಗಿಯ ಮಗಳನ್ನು ಗೋವೆಯ ಕಾಣಕೋಣಕ್ಕೆ ಕೊಟ್ಟಾಗ ಸೋದರಮಾವನಾದ ನನ್ನ ಪಾಲಿಗೆ ಕಾಗದಪತ್ರಗಳ ಓಡಾಟ ಬಂತು. ದೇವರಿಗೆ ಹೇಳಿಕೊಳ್ಳುವುದು, ಪುರೋಹಿತರು, ಊಟ ಎಲ್ಲ ನಮ್ಮಂತೆಯೇ. ಆದರೆ ಅಲ್ಲಿ ಬರೀ ಧಾರೆ ಎರೆದರೆ ಮದುವೆ ಮುಗಿಯುವುದಿಲ್ಲ. ಹುಡುಗ ಹುಡುಗಿ ಮೊದಲು ಸಿವಿಲ್ ರಿಜಿಸ್ಟ್ರಾರ್ ಎದುರು, ಮದುವೆಯಾಗಲಿದ್ದೇವೆ ಎಂದು ಸಹಿ ಹಾಕಬೇಕು. ತಕರಾರಿದ್ದವರು ಹೇಳಲಿ ಎಂದು ನೋಟಿಸ್ ಅಂಟಿಸುತ್ತಾರೆ. ಆ ಅವಧಿ ಕಳೆದ ಮೇಲೆ ಸಾಕ್ಷಿಗಳೊಂದಿಗೆ ಎರಡನೆಯ ಸಹಿ. ಅದು ಬಿದ್ದರೇ ಮದುವೆ. ಮೊದಲ ಸಹಿಗೇ ಎಲ್ಲ ಆಯಿತೆಂದು ನಂಬಿ, ಎರಡನೆಯದಕ್ಕೆ ಗಂಡು ಬಾರದೆ, ಹೆಂಡತಿಯ ಹಕ್ಕೇ ಸಿಗದೆ ಉಳಿದ ಹೆಣ್ಣುಮಕ್ಕಳು ಗೋವೆಯಲ್ಲಿದ್ದಾರೆ. ಹೆಣ್ಣು ಕೊಡುವವರಿಗೆ ನಾನು ಒತ್ತಿ ಹೇಳುವುದು ಇಷ್ಟೆ: ಎರಡೂ ಸಹಿ ಮುಗಿಯುವಂತೆ ನೋಡಿಕೊಂಡೇ ಮುಹೂರ್ತ ಇಡಿಸಿ. ನಾವು ಹಾಗೇ ಮಾಡಿದೆವು.

ಇನ್ನು ಆಸ್ತಿ. ನಮ್ಮಲ್ಲಿ ಗಂಡ ಬದುಕಿರುವಾಗ ಅವನ ಆಸ್ತಿಯಲ್ಲಿ ಹೆಂಡತಿಗೆ ಪಾಲಿಲ್ಲ. ಅಲ್ಲಿ ಬೇರೆ ಕರಾರು ಇಲ್ಲದಿದ್ದರೆ ಮದುವೆಯ ದಿನದಿಂದಲೇ ಇಬ್ಬರದ್ದೂ ಒಟ್ಟು, ಅದರಲ್ಲಿ ಅರ್ಧ ಅವಳದ್ದು. ಅವಳ ಸಹಿಯಿಲ್ಲದೆ ಗಂಡ ಮನೆ, ಜಮೀನು ಮಾರುವಂತಿಲ್ಲ. ಮಕ್ಕಳಿರುವವರು ತಮ್ಮ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆಯುವಂತಿಲ್ಲ. ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವೂ ಇಲ್ಲ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಲು ಭಾರತದ ಕಾನೂನಿಗೆ 2005ರವರೆಗೆ ಕಾಲ ಬೇಕಾಯಿತು. ಹೊರಗಿನವರು ಹೇರಿದ್ದು ನಿಜ, ಆದರೆ ಹೆಣ್ಣಿನ ವಿಷಯದಲ್ಲಿ ಅಲ್ಲಿನ ಕಾನೂನಿನ ಈ ಭಾಗ ನಮ್ಮದಕ್ಕಿಂತ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ತಿಳಿದಿರಬೇಕು. ಗೋವೆಯವರ ಆಸ್ತಿ ಭಾರತದಲ್ಲಿ ಬೇರೆಲ್ಲಿದ್ದರೂ ಅದರ ವಾರಸಿಕೆಗೆ ಗೋವೆಯ ಕಾನೂನೇ ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ಹೇಳಿದೆ. ಬೀಗರು ಕಾರವಾರದಲ್ಲಿ ಜಾಗ ಮಾಡಿದ್ದರೆ ಅದಕ್ಕೂ ಈ ಮಾತು ತಟ್ಟುತ್ತದೆ.

ತವರಿನಿಂದ ಬಂದದ್ದೂ ಗಂಡ ಹೆಂಡಿರ ಒಟ್ಟು ಆಸ್ತಿಗೇ ಸೇರುತ್ತದೆ ಎಂದಾಗ ನನ್ನ ತಂಗಿ ಹೆದರಿದಳು. ಅವರವರದ್ದು ಬೇರೆ ಇರಲಿ ಎನ್ನುವವರು ಮದುವೆಗೆ ಮೊದಲೇ ನೋಟರಿಯೆದುರು ಕರಾರು ಬರೆಸಬೇಕು. ವಕೀಲರು ಹುಡುಗಿಯನ್ನೇ ಕೂರಿಸಿಕೊಂಡು ಎರಡೂ ದಾರಿ ಬಿಡಿಸಿ ಹೇಳಿದರು. ಅವಳು, "ಮಾಮಾ, ಅವರದ್ದರಲ್ಲಿ ನನಗೆ ಅರ್ಧವಿದ್ದರೆ ನನ್ನದರಲ್ಲಿ ಅವರಿಗೂ ಇರಲಿ" ಎಂದಳು. ಕರಾರು ಬರೆಸಲಿಲ್ಲ.