ದೋಣಿಗೊಂದು ದೀಪ

ಮನೆಯಲ್ಲಿ ನಾವು ದೀಪ ಹಚ್ಚುವುದು ಸುತ್ತಲಿನ ವಸ್ತುಗಳನ್ನು ನೋಡುವುದಕ್ಕಾಗಿ. ದೋಣಿಯಲ್ಲಿ ದೀಪ ಹಚ್ಚುವುದು ಮುಖ್ಯವಾಗಿ ಪರರ ಕಣ್ಣಿಗೆ ಬೀಳುವುದಕ್ಕಾಗಿ. ಮಾತು ಸಣ್ಣದು, ಆದರೆ ಅದನ್ನು ಮರೆತವನ ಪ್ರಾಣಕ್ಕೆ ಕಡಲಿನಲ್ಲಿ ಸಂಚಕಾರ ಬಂದೀತು.

ಹೊನ್ನಾವರದ ಬಳಿ ಶರಾವತಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆ ಅಳಿವೆಯ ದಂಡೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಶಾಲೆಯಲ್ಲಿ ಲೆಕ್ಕವೆಂದರೆ ಹೆದರುತ್ತಿದ್ದ ಆ ಹುಡುಗ ಬೆಳೆದು, ತನ್ನ ಕೈಯಾರೆ ಪ್ಲೈವುಡ್ ಹಲಗೆಗಳನ್ನು ಜೋಡಿಸಿ, ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ಹದಿನೆಂಟು ಅಡಿ ಉದ್ದದ ಮೀನುದೋಣಿಯನ್ನು ಕಟ್ಟಿದನು. ಅದಕ್ಕೊಂದು ಇಂಜಿನನ್ನೂ ಕೂಡಿಸಿದನು. ದೀಪಕ್ಕೆ ಮಾತ್ರ ಸೀಮೆಎಣ್ಣೆಯ ಲಾಟೀನೇ ಸಾಕೆಂದು ಅವನ ಎಣಿಕೆ. ಒಂದು ಬೆಳಗಿನ ಜಾವ ಗಾಳಿಗೆ ಲಾಟೀನು ನಂದಿತು. ಅದೇ ಹೊತ್ತಿಗೆ ದಡಕ್ಕೆ ಮರಳುತ್ತಿದ್ದ ದೊಡ್ಡ ದೋಣಿಯೊಂದು ಕೆಲವೇ ಮಾರು ದೂರದಲ್ಲಿ ಹಾದುಹೋಯಿತು. “ನಾನು ಅವರನ್ನು ಕಂಡಿದ್ದೆ, ಗುರುಗಳೇ, ಅವರು ನನ್ನನ್ನು ಕಾಣಲಿಲ್ಲ” ಎಂದು ಅವನು ಹೇಳಿದಾಗ ದನಿ ಇನ್ನೂ ನಡುಗುತ್ತಿತ್ತು. ಆ ವಾರವೇ ನಾವು ದೋಣಿಗೆ ಎಲ್‌ಇಡಿ ದೀಪಗಳನ್ನು ಅಳವಡಿಸಲು ಕುಳಿತೆವು. ನಾನು ಕನ್ನಡದ ಉಪಾಧ್ಯಾಯ; ವಿಜ್ಞಾನ ಬೋಧಿಸಿದ್ದ ಗೆಳೆಯರೊಬ್ಬರು ಜೊತೆಗೂಡಿದರು.

ಮೊದಲು ತಿಳಿಯಬೇಕಾದುದು ಕಡಲಿನ ನಿಯಮ. ಹಡಗುಗಳು ಡಿಕ್ಕಿಯಾಗದಂತೆ ತಡೆಯಲು 1972ರಲ್ಲಿ ಅಂತರರಾಷ್ಟ್ರೀಯ ನಿಯಮಗಳು ರೂಪುಗೊಂಡವು. 1977ರಲ್ಲಿ ಜಾರಿಗೆ ಬಂದವು. ಅವುಗಳ ಪ್ರಕಾರ ಇಂಜಿನ್ನಿನಿಂದ ಸಾಗುವ ದೋಣಿಯ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು ದೀಪ ಇರಬೇಕು. 12 ಮೀಟರಿಗಿಂತ ಚಿಕ್ಕದಾದ ದೋಣಿಗೆ ಇವುಗಳೊಡನೆ ಎಲ್ಲ ದಿಕ್ಕಿಗೂ ಕಾಣುವ ಒಂದು ಬಿಳಿಯ ದೀಪ ಸಾಕು. ಈ ಬಿಳಿಯ ದೀಪ ಎರಡು ನಾವಿಕ ಮೈಲಿ, ಅಂದರೆ ಸುಮಾರು 3.7 ಕಿಲೋಮೀಟರ್ ದೂರಕ್ಕೆ ಕಾಣಬೇಕು. ಬಲೆ ಹಾಕಿ ಮೀನು ಹಿಡಿಯುವಾಗ ತೋರಿಸಬೇಕಾದ ದೀಪಗಳು ಬೇರೆ. ಬಣ್ಣಗಳ ಅರ್ಥವನ್ನು ಗಮನಿಸಿರಿ: ಕೆಂಪು ಮಾತ್ರ ಕಂಡರೆ ಆ ದೋಣಿ ನಮ್ಮ ಎಡಕ್ಕೆ ಸಾಗುತ್ತಿದೆ, ಹಸಿರು ಮಾತ್ರ ಕಂಡರೆ ಬಲಕ್ಕೆ. ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಮ್ಮತ್ತಲೇ ಬರುತ್ತಿದೆ! ಮಾತಿಲ್ಲದ ಕಡಲಿನಲ್ಲಿ ಇದೇ ಭಾಷೆ.

ಎಲ್‌ಇಡಿ ಎಂದರೆ ಬೆಳಕು ಸೂಸುವ ಡಯೋಡು. ಹಳೆಯ ಬಲ್ಬಿನಲ್ಲಿ ತಂತಿಯು ಕಾದು ಕೆಂಪಗಾಗಿ ಬೆಳಗುತ್ತದೆ. ವಿದ್ಯುತ್ತಿನ ಬಹುಭಾಗ ಶಾಖವಾಗಿ ಪೋಲಾಗುತ್ತದೆ. ಡಯೋಡಿನಲ್ಲಿ ಅರೆವಾಹಕದ ಮೂಲಕ ವಿದ್ಯುತ್ ಹರಿದಾಗ ಅದರಿಂದಲೇ ಬೆಳಕು ಹೊಮ್ಮುತ್ತದೆ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ರೂಪಿಸಿದರು. ನೀಲಿ ಬೆಳಕಿನ ಡಯೋಡಿಗಾಗಿ ಅಕಾಸಾಕಿ, ಅಮಾನೋ ಮತ್ತು ನಕಾಮುರಾ ಎಂಬ ವಿಜ್ಞಾನಿಗಳು 2014ರ ನೊಬೆಲ್ ಪಾರಿತೋಷಕವನ್ನು ಪಡೆದರು. ಆ ನೀಲಿಯ ಮೇಲೆ ಹಳದಿ ಬೆಳಕು ಸೂಸುವ ಲೇಪನವನ್ನು ಬಳಿದುದರಿಂದಲೇ ಬಿಳಿಯ ಬೆಳಕು ಸುಲಭವಾಗಿ ದೊರೆಯಿತು.

ದೋಣಿಯವನಿಗೆ ಇದರಿಂದ ಏನು ಲಾಭ? 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆಯಷ್ಟು ಶಕ್ತಿಯುಂಟು. ಬ್ಯಾಟರಿ ಬಾಳಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. 10 ವ್ಯಾಟಿನ ಹಳೆಯ ಬಲ್ಬು ನಾಲ್ಕು ಗಂಟೆ ಉರಿದೀತು; 2 ವ್ಯಾಟಿನ ಎಲ್‌ಇಡಿ ಇಪ್ಪತ್ತು ಗಂಟೆಗೂ ಮಿಕ್ಕಿ ಬೆಳಗೀತು. ಒಂದು ಇಡೀ ರಾತ್ರಿಗೂ ನಡುರಾತ್ರಿಯ ಕತ್ತಲಿಗೂ ಇರುವ ಅಂತರವಿದು.

ಆದರೆ ಡಯೋಡು ಸೂಕ್ಷ್ಮವಾದುದು. ಮಿತಿಮೀರಿದ ವಿದ್ಯುತ್ತನ್ನು ಸಹಿಸದು. ಒಂದು ಚಿಕ್ಕ ಬಿಳಿಯ ಡಯೋಡಿಗೆ ಸುಮಾರು 3 ವೋಲ್ಟ್ ಬೇಕು. ಮೂರನ್ನು ಸರಣಿಯಲ್ಲಿ ಜೋಡಿಸಿದರೆ 9 ವೋಲ್ಟ್. ಇಂಜಿನ್ನಿನಿಂದ ಬ್ಯಾಟರಿ ತುಂಬುತ್ತಿರುವಾಗ ವೋಲ್ಟೇಜು 14.4ಕ್ಕೆ ಏರಬಹುದು. ಮಿಕ್ಕ 5.4 ವೋಲ್ಟನ್ನು ರೋಧಕವೊಂದು ಹೊರಬೇಕು. ಹರಿಯಬೇಕಾದ ವಿದ್ಯುತ್ 0.02 ಆಂಪಿಯರ್ ಆದರೆ, ಓಮನ ನಿಯಮದಂತೆ 5.4 ÷ 0.02 = 270 ಓಮ್. ಈ ಲೆಕ್ಕವನ್ನು ನನ್ನ ಶಿಷ್ಯನೇ ನೆಲದ ಮೇಲೆ ಸೀಮೆಸುಣ್ಣದಿಂದ ಬಿಡಿಸಿದನು, ಹೆದರಲಿಲ್ಲ!

ಉಪ್ಪುನೀರು ತಾಮ್ರದ ಹಗೆ. ಆದುದರಿಂದ ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಿದೆವು. ಬೆಸುಗೆಗಳನ್ನು ನೀರು ಹೊಗದಂತೆ ಮುಚ್ಚಿ, ಬ್ಯಾಟರಿಯ ಬಳಿಯಲ್ಲಿ ಫ್ಯೂಸು ಇರಿಸಿದೆವು. ಪ್ಲೈವುಡ್ಡಿಗೆ ಕೊರೆದ ಪ್ರತಿಯೊಂದು ರಂಧ್ರಕ್ಕೂ ರಾಳ ತುಂಬಿದೆವು. ಇಲ್ಲವಾದರೆ ನೀರು ಒಳಹೊಕ್ಕು ಹಲಗೆ ಕೊಳೆಯುತ್ತದೆ. ಬಿಳಿಯ ದೀಪವನ್ನು ಆಳೆತ್ತರಕ್ಕಿಂತ ಮೇಲೆ ಕಂಬದ ತುದಿಯಲ್ಲಿ ನಿಲ್ಲಿಸಿದೆವು. ಏಕೆಂದರೆ ಬೆಳಕು ಕಣ್ಣಿಗೆ ಹೊಡೆದರೆ ಕತ್ತಲೆಗೆ ಹೊಂದಿಕೊಂಡ ದೃಷ್ಟಿ ಕೆಡುತ್ತದೆ. ಅದು ಮರಳಿ ಪೂರ್ಣವಾಗಲು ಅರ್ಧಗಂಟೆಯಾದರೂ ಬೇಕು.

ಕೆಲಸ ಮುಗಿದಾಗ ಅವನು ಕೇಳಿದನು: “ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಬೆಳಕು ಸಿಗುವುದಾದರೆ, ದೊಡ್ಡ ದೀಪವೊಂದನ್ನು ನೀರಿನ ಕಡೆಗೇ ತಿರುಗಿಸಿದರೆ ಮೀನು ತಾನಾಗಿ ಬರುವುದಲ್ಲವೇ?” ಬರುತ್ತದೆ, ನಿಜ. ಪ್ರಖರವಾದ ಬೆಳಕಿಗೆ ಮೀನಿನ ಹಿಂಡುಗಳು ಮುತ್ತುತ್ತವೆ. ಮರಿಗಳೂ ಬಲೆಗೆ ಬೀಳುತ್ತವೆ. ನಾಳೆ ಬೆಳೆಯಬೇಕಾದ ಮೀನು ಇಂದೇ ಮುಗಿಯುತ್ತದೆ. ನೆರೆಯ ನಾಡದೋಣಿಯವನ ಬಲೆ ಬರಿದಾಗುತ್ತದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರವು 2017ರ ನವೆಂಬರಿನಲ್ಲಿ ಭಾರತದ ಕಡಲ ಆರ್ಥಿಕ ವಲಯದಲ್ಲಿ ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ಇದನ್ನು ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೇಲಿನ ದೀಪವೇ ಸಾಕು” ಎಂದನು.

ಅಂದು ಸಂಜೆ ದೋಣಿ ಹೊರಟಿತು. ದಡದಲ್ಲಿ ನಿಂತ ಅವನ ತಾಯಿಗೆ ಬಹು ದೂರದವರೆಗೂ ಆ ಬಿಳಿಯ ಚುಕ್ಕೆ ಕಾಣುತ್ತಿತ್ತು. ಅದೇ ಡಯೋಡು ಕಾಯಲೂ ಬಲ್ಲದು, ಕಸಿಯಲೂ ಬಲ್ಲದು. ಯಾವುದಕ್ಕೆ ಬೆಳಗಬೇಕೆಂಬುದನ್ನು ಹಚ್ಚುವ ಕೈಯೇ ನಿರ್ಧರಿಸಬೇಕು.