ಫಾರಿನ್ ಟೂರ್: ಊಟದ ಮಾತು ಮುಂಗಡಕ್ಕೆ ಮೊದಲೇ ಆಗಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳನ್ನು ಮುಟ್ಟದ ಜೈನ ಮನೆಗಳು ಬಹಳ. ಶುದ್ಧ ಶಾಕಾಹಾರದ ಲಿಂಗಾಯತ ಮನೆಗಳೂ ಕಡಿಮೆಯಿಲ್ಲ. ಇಂಥ ಮನೆಯ ಹಿರಿಯರು ದುಡ್ಡು ಕೂಡಿಟ್ಟು ವಿದೇಶಕ್ಕೆ ಹೋಗಿ, ಬ್ರೆಡ್ಡು–ಬಾಳೆಹಣ್ಣು ತಿಂದು ದಿನ ದೂಡುವಂತಾದರೆ ಸಂಕಟವಾಗುತ್ತದೆ. ಬಹಳಷ್ಟು ಸಲ ಅಲ್ಲಿನ ಅಡುಗೆಯವರದ್ದು ತಪ್ಪಿರುವುದಿಲ್ಲ. ಕರಪತ್ರದಲ್ಲಿನ ‘ಊಟ ಸಹಿತ’ ಎಂಬ ಒಂದೇ ಸಾಲು ನಂಬಿ ಇಲ್ಲಿ ಹಣ ಕಟ್ಟಿರುತ್ತೇವೆ.

ಹಣ ಕಟ್ಟುವ ಮೊದಲು: ಯಾವ ದಿನ, ಯಾವ ಊರಲ್ಲಿ, ಎಂಥ ಊಟ ಎಂಬುದನ್ನು ಟೂರ್ ಕಂಪನಿಯಿಂದ ಬರಹದಲ್ಲೇ ಪಡೆಯಿರಿ. ವಾಟ್ಸ್ಆ್ಯಪ್ ಸಂದೇಶವಾದರೂ ಸರಿ, ಫೋನಿನ ಮಾತು ಬೇಡ. ‘ವೆಜ್’ ಎಂದಷ್ಟೇ ಬರೆಸಿದರೆ ಸಾಲದು. ಏನೇನು ಬೇಡ ಎಂದು ಹೆಸರು ಹಿಡಿದು ಬರೆಸಿ. ರಾತ್ರಿ ಊಟ ಬಿಟ್ಟವರು ಹೊತ್ತನ್ನೂ ಕೇಳಲೇಬೇಕು. ಸಿಂಗಾಪುರದಲ್ಲಿ ವರ್ಷವಿಡೀ ಸಂಜೆ 7ರ ಆಸುಪಾಸು ಸೂರ್ಯಾಸ್ತ. ಗುಂಪಿನ ಊಟ 8ಕ್ಕಿದ್ದರೆ ನಿಮಗೆ ಉಪವಾಸವೇ ಗತಿ.

ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿಯನ್ನು ಚೆಕ್-ಇನ್ ಬ್ಯಾಗಿನಲ್ಲಿಡಿ. ಆದರೆ ಗಸಗಸೆ ಹಾಕಿದ ಕರ್ಜಿಕಾಯಿ, ಅನಾರಸ, ಮಸಾಲೆಪುಡಿ ದುಬೈಗೂ ಸಿಂಗಾಪುರಕ್ಕೂ ಒಯ್ಯಲೇಬೇಡಿ. ಎರಡೂ ಕಡೆ ಗಸಗಸೆ ನಿಷಿದ್ಧ. ಸಿಕ್ಕಿಬಿದ್ದರೆ ಮಾದಕ ವಸ್ತುವಿನ ಕಾನೂನಿನ ತೊಡಕು. ಆಸ್ಟ್ರೇಲಿಯಾಕ್ಕೆ ಹೋಗುವವರು ತಂದ ತಿನಿಸನ್ನೆಲ್ಲ ಆಗಮನದ ಫಾರಂನಲ್ಲಿ ತೋರಿಸಬೇಕು.

ಟೇಬಲ್ಲಿನಲ್ಲಿ: ಥಾಯ್ಲೆಂಡಿನಲ್ಲಿ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸು ಬೀಳುತ್ತದೆ. ಅಲ್ಲಿ ‘ಜೇ’ ಊಟ ಕೇಳಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಅದರ ಗುರುತು. ಬೌದ್ಧ ವ್ರತದ ಈ ಊಟದಲ್ಲಿ ಮಾಂಸ, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಗಜ್ಜರಿ, ಮೂಲಂಗಿ ಮಾತ್ರ ಇರಬಹುದು, ಕೇಳಿಕೊಳ್ಳಿ. ಸಿಂಗಾಪುರದ ಮೆನುವಿನಲ್ಲಿ ದರದ ಮುಂದೆ ‘++’ ಇದ್ದರೆ ಸೇವಾ ಶುಲ್ಕ, ಸಾಮಾನ್ಯವಾಗಿ ಶೇ 10, ಮತ್ತು ಶೇ 9 ಜಿಎಸ್‌ಟಿ ಬೇರೆ ಎಂದರ್ಥ. ಕಾರ್ಡ್ ಯಂತ್ರ ‘ರೂಪಾಯಿಯೋ, ಇಲ್ಲಿನ ಹಣವೋ’ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕೈಕಚ್ಚುವುದೇ ಹೆಚ್ಚು.

ಊಟ ಕೆಟ್ಟರೆ: ತಟ್ಟೆಯ ಫೋಟೊ ತೆಗೆದು, ಆ ಕ್ಷಣವೇ ಟೂರ್ ಮ್ಯಾನೇಜರ್‌ಗೆ ಸಂದೇಶ ಕಳಿಸಿ. ಸ್ವಂತ ದುಡ್ಡಲ್ಲಿ ಬೇರೆ ಕಡೆ ಉಂಡರೆ ಬಿಲ್ ಇಟ್ಟುಕೊಳ್ಳಿ. ಗುಂಪಿನಲ್ಲಿ ಮುಖ ಕೆಡುತ್ತದೆಂದು ಸುಮ್ಮನಿದ್ದು ಊರಿಗೆ ಬಂದು ಬೈದರೆ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ.

ಊರಿಗೆ ಬಂದ ಮೇಲೆ: ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿ ಕೊಲ್ಹಾಪುರದ್ದಿರಲಿ, ಮುಂಬೈಯದ್ದಿರಲಿ, ನೀವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು.